ಅಡಿಟಿಪ್ಪಣಿಗೆ ಹೋದ ಎಂಜಿನ್

ಪಾಂಡವಪುರದ ಹತ್ತಿರ ನಮ್ಮ ಸೋದರಮಾವನ ತೋಟದ ಶೆಡ್ಡಿನಲ್ಲಿ ಎರಡು ವರ್ಷದಿಂದ ಒಂದು ಜಗಳ ನಡೆಯುತ್ತಿತ್ತು. ಜಗಳಕ್ಕೆ ಕಾರಣ ತಾತನ ಕಾಲದ ಡಾಡ್ಜ್ ಕಿಂಗ್ಸ್‌ವೇ ಕಾರು. ಅದರ ಬಾನೆಟ್ಟಿನ ಕೆಳಗೆ ಇದ್ದದ್ದು ಅಮೆರಿಕದ ಪೆಟ್ರೋಲ್ ಎಂಜಿನ್ ಅಲ್ಲ, ಎಪ್ಪತ್ತರ ದಶಕದಲ್ಲಿ ತಾತ ಕೂರಿಸಿದ ಪರ್ಕಿನ್ಸ್ ಡೀಸೆಲ್ ಎಂಜಿನ್. ಅದನ್ನು ಇಳಿಸಿ ಮೊದಲಿದ್ದ ಜಾತಿಯ ಎಂಜಿನ್ನನ್ನೇ ಕೂರಿಸಬೇಕು ಎಂಬುದು ಮಾವನ ಹಟ. ಇಳಿಸಬಾರದು ಎಂಬುದು ನನ್ನ ಹಟ. ಮಾವ ಸಕ್ಕರೆ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ನಾನು ಕನ್ನಡ ಪಾಠ ಹೇಳಿ ಬದುಕುವವನು. ಸ್ಪ್ಯಾನರ್ ಕೇಳಿದರೆ ಕಟಿಂಗ್ ಪ್ಲೇಯರ್ ಕೊಡುವವನು. ಆದರೂ ಈ ಜಗಳದಲ್ಲಿ ನನಗೂ ಒಂದು ಪಾಲಿದೆ ಅನ್ನಿಸಿದ್ದು ಯಾಕೆಂದರೆ, ಅದು ನಾನು ತರಗತಿಯಲ್ಲಿ ವರ್ಷವರ್ಷವೂ ಮಾಡುವ ಪಾಠದ ಪ್ರಶ್ನೆಯೇ ಆಗಿತ್ತು: ಒಂದು ಕೃತಿಯ ಮೂಲ ಎಂದರೆ ಯಾವುದು?

ಶೆಡ್ಡಿಗೆ ಭಾನುವಾರ ಸೇರುವವರು ನಾಲ್ಕೈದು ಮಂದಿ. ಕೆ.ಆರ್. ಪೇಟೆಯಿಂದ ಒಬ್ಬ ನಿವೃತ್ತ ಮೇಷ್ಟ್ರು ತಮ್ಮ ವಿಲ್ಲಿಸ್ ಜೀಪಿನಲ್ಲಿ ಬರುತ್ತಾರೆ. ನಾಗಮಂಗಲದ ಹಾರ್ಡ್‌ವೇರ್ ಅಂಗಡಿಯವರೊಬ್ಬರ ಮನೆಯಲ್ಲಿ ಹಳೆಯ ಷೆವರ್ಲೆ ಇದೆ. ಅದು ಬರುವುದಕ್ಕಿಂತ ಅದರ ಸುದ್ದಿ ಬರುವುದೇ ಹೆಚ್ಚು. ಇವರು ಯಾರೂ ಸಿರಿವಂತರಲ್ಲ. ಕಾರ್ಬ್ಯುರೇಟರ್ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು ಹಳೆಯ ಪಂಚೆಯ ಮೇಲೆ ಜೋಡಿಸಿಟ್ಟು, ಅದರ ಸುತ್ತ ಕೂತು ಕಾಫಿ ಕುಡಿಯುವುದರಲ್ಲಿ ಇವರಿಗಿರುವ ಸುಖ ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ. ಬೋಲ್ಟು ಕೈಗೆ ಬಂದ ಕೂಡಲೇ ಅದು ಯಾವ ಊರಿನದೆಂದು ಹೇಳುತ್ತಾರೆ. ಇಂಗ್ಲಿಷ್ ಕಾರುಗಳದು ವಿಟ್‌ವರ್ತ್ ಅಳತೆ, ಅಮೆರಿಕದವುಗಳದು ಅವರದೇ ಇಂಚಿನ ಅಳತೆ, ಈಗಿನ ಗಾಡಿಗಳದು ಮಿಲಿಮೀಟರು. ಮೂರಕ್ಕೂ ಬೇರೆ ಬೇರೆ ಸ್ಪ್ಯಾನರು. ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿ ತಿರುಗಿಸಿದರೆ ನಟ್ಟಿನ ಮೂಲೆ ಸವೆದುಹೋಗುತ್ತದೆ. ಅನುವಾದದ ಬಗ್ಗೆ ಇದಕ್ಕಿಂತ ಸರಳವಾದ ಪಾಠವನ್ನು ನಾನು ಯಾವ ತರಗತಿಯಲ್ಲೂ ಮಾಡಿಲ್ಲ.

ಮೊದಲು ಕಾರಿನ ಚರಿತ್ರೆ ಹೇಳಬೇಕು. ಕಿಂಗ್ಸ್‌ವೇ ಎಂಬುದು ಡಾಡ್ಜ್ ಹೆಸರು ಹೊತ್ತ ಪ್ಲಿಮತ್. ಅದೇ ಕಾರಿಗೆ ಸ್ವಲ್ಪ ಬೇರೆ ಅಲಂಕಾರ ಮಾಡಿ ಡಿ ಸೋಟೊ ಡಿಪ್ಲೊಮ್ಯಾಟ್ ಎಂದೂ ಮಾರುತ್ತಿದ್ದರು. ಒಂದೇ ಮೈಗೆ ಮೂರು ಅಂಕಿತ. ಇದನ್ನು ಜೋಡಿಸಿದ್ದು ಅಮೆರಿಕದಲ್ಲಲ್ಲ. ಮುಂಬಯಿಯ ಕುರ್ಲಾದಲ್ಲಿ, ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಕಾರ್ಖಾನೆಯಲ್ಲಿ. ಈ ದೇಶದಲ್ಲೇ ಕಾರು ತಯಾರಾಗಬೇಕು ಎಂದು 1930ರ ದಶಕದಲ್ಲಿ ಯೋಜನೆ ಹಿಡಿದು ಓಡಾಡಿದವರಲ್ಲಿ ನಮ್ಮ ವಿಶ್ವೇಶ್ವರಯ್ಯನವರೂ ಒಬ್ಬರು. ಮೈಸೂರು ಸಂಸ್ಥಾನದಲ್ಲಿ ಅಂಥ ಕಾರ್ಖಾನೆ ಕೈಗೂಡಲಿಲ್ಲ. ಹಾಗಾಗಿ ಮಾವ 'ಅಮೆರಿಕದ ಕಾರು' ಅಂದಾಗಲೆಲ್ಲ ನಾನು 'ಕುರ್ಲಾ ಕಾರು' ಎಂದು ತಿದ್ದುತ್ತಿದ್ದೆ. ಹುಟ್ಟಿದ ದಿನದಿಂದಲೇ ಅದು ಒಂದು ಅನುವಾದ.

ತಾತ ಅದನ್ನು ಕೊಂಡಾಗಲೇ ಅದು ಎರಡನೆಯ ಕೈ ದಾಟಿತ್ತು. ಬಾಡಿಗೆಗೆ ಓಡಿಸುತ್ತಿದ್ದರು. ಪಾಂಡವಪುರದ ರೈಲ್ವೆ ನಿಲ್ದಾಣದಿಂದ ಮೇಲುಕೋಟೆಗೆ, ವೈರಮುಡಿಯ ರಾತ್ರಿ ಹತ್ತು ಹನ್ನೆರಡು ಜನರನ್ನು ತುಂಬಿಕೊಂಡು, ಕೆ.ಆರ್. ಪೇಟೆಯ ಸಂತೆಗೆ, ನಾಗಮಂಗಲದ ಕಡೆಯ ಮದುವೆಗಳಿಗೆ. ಗೇರು ಸ್ಟೀರಿಂಗಿನ ಪಕ್ಕದಲ್ಲಿ ಇರುವುದರಿಂದ ಮುಂದಿನ ಸೀಟು ಬಾಗಿಲಿನಿಂದ ಬಾಗಿಲಿಗೆ ಒಂದೇ ಬೆಂಚು. ಡ್ರೈವರ್ ಪಕ್ಕ ಮೂವರು ಆರಾಮಾಗಿ, ನಾಲ್ವರು ಬೈದುಕೊಂಡು ಕೂರಬಹುದಿತ್ತು. 1973ರ ತೈಲ ಬಿಕ್ಕಟ್ಟಿನ ನಂತರ ಪೆಟ್ರೋಲ್ ಬೆಲೆ ಏರಿತು. ದೇಶದ ಬಹಳಷ್ಟು ಬಾಡಿಗೆ ಕಾರುಗಳಿಗೆ ಆದದ್ದೇ ಇದಕ್ಕೂ ಆಯಿತು: ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್ ಇಳಿಯಿತು, ನಾಲ್ಕು ಸಿಲಿಂಡರಿನ ಡೀಸೆಲ್ ಏರಿತು. ಅದು ಕೂರಲೆಂದು ಗ್ಯಾರೇಜಿನವರು ಹೊಸ ಬ್ರಾಕೆಟ್ಟು ಬೆಸೆದರು. ಆರು ವೋಲ್ಟಿನ ವೈರಿಂಗ್ ಹನ್ನೆರಡಾಯಿತು. ನೆಲದ ತಗಡು ತುಕ್ಕು ಹಿಡಿದಲ್ಲಿ ಎಣ್ಣೆಯ ಡ್ರಮ್ಮು ಕತ್ತರಿಸಿ ತೇಪೆ ಹಾಕಿದರು. ಮುರಿದುಹೋದ ಒಂದು ಬಾಗಿಲ ಹಿಡಿಯನ್ನು ನಾಗಮಂಗಲದಲ್ಲಿ ಹಿತ್ತಾಳೆಯಲ್ಲಿ ಎರಕ ಹೊಯ್ಯಿಸಿದರು. ದೇವರ ವಿಗ್ರಹ, ದೀಪ, ಪಾತ್ರೆಗಳ ಎರಕಕ್ಕೆ ಹೆಸರಾದ ಊರು ಅದು. ಉಳಿದ ಮೂರು ಹಿಡಿಗಳು ಕ್ರೋಮಿಯಂ ಕಳೆದುಕೊಂಡು ಬೂದುಬಣ್ಣವಾಗಿವೆ. ಅದೊಂದು ಮಾತ್ರ ಕೈ ತಾಗಿ ತಾಗಿ ದೇವರಮನೆಯ ದೀಪದ ಹಾಗೆ ಹೊಳೆಯುತ್ತದೆ.

ಇನ್ನು ಕಾನೂನಿನ ಮಾತು. 2021ರಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು 'ವಿಂಟೇಜ್' ವಾಹನಗಳಿಗೆ ಪ್ರತ್ಯೇಕ ನೋಂದಣಿ ಕೊಟ್ಟಿತು. ಐವತ್ತು ವರ್ಷ ದಾಟಿರಬೇಕು, ಮೂಲ ರೂಪದಲ್ಲಿ ಇರಬೇಕು, ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಹಾಗಿದ್ದರೆ ನಂಬರಿನ ನಡುವೆ 'ವಿಎ' ಎಂಬ ಎರಡಕ್ಷರ. ಪ್ರದರ್ಶನಕ್ಕೆ, ರ್‍ಯಾಲಿಗೆ, ರಿಪೇರಿಗೆ, ಎಣ್ಣೆ ಹಾಕಿಸಲು ರಸ್ತೆಗಿಳಿಯಬಹುದು, ಬಾಡಿಗೆಗೆ ಓಡಿಸುವಂತಿಲ್ಲ. ಅಂದರೆ, ತಾತನ ಡಾಡ್ಜ್ ಐವತ್ತು ವರ್ಷ ಬದುಕಿ ಉಳಿದದ್ದು ಯಾವುದರಿಂದಲೋ ಅದೇ ಈಗ ಅದರ ಅನರ್ಹತೆ. ಎಂಜಿನ್ ಬದಲಾಯಿಸದೆ ಷೆಡ್ಡಿನಲ್ಲಿ ನಿಲ್ಲಿಸಿದ್ದಿದ್ದರೆ ಅದು ಮೂಲ. ಬದಲಾಯಿಸಿ ಓಡಿಸಿದ್ದರಿಂದ ಅಪಭ್ರಂಶ.

ಈ ಮಾತು ಮನಸ್ಸಿನಲ್ಲಿ ಕೊರೆಯುತ್ತಿರುವಾಗಲೇ ಒಂದು ಭಾನುವಾರ ಎಲ್ಲರೂ ಶ್ರೀರಂಗಪಟ್ಟಣಕ್ಕೆ ಹೋದೆವು. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಸಂಗ್ರಹಿಸಿದ ಹಳೆಯ ಕಾರುಗಳ 'ಪಯಣ' ಸಂಗ್ರಹಾಲಯ ಅಲ್ಲಿನ ನಗುವನಹಳ್ಳಿಯ ಬಳಿ ಹೆದ್ದಾರಿಗೆ ಹೊಂದಿಕೊಂಡಿದೆ. 2023ರಲ್ಲಿ ಬಾಗಿಲು ತೆರೆಯಿತು. ಹಳೆಯ ಕಾರುಗಳು ಗುಜರಿಗೆ ಹೋಗಿ ಕಬ್ಬಿಣದ ಬೆಲೆಗೆ ಕರಗಿಹೋಗುವ ನಾಡಿನಲ್ಲಿ ಇಷ್ಟನ್ನು ಒಂದೆಡೆ ಉಳಿಸಿದ್ದು ಸಣ್ಣ ಕೆಲಸವಲ್ಲ. ಮಾವ ಒಂದೊಂದರ ಮುಂದೆಯೂ ಕೈ ಹಿಂದೆ ಕಟ್ಟಿಕೊಂಡು, ದೇವಸ್ಥಾನದಲ್ಲಿ ನಿಂತ ಹಾಗೆ ನಿಂತರು. ಅವರ ಕಣ್ಣಲ್ಲಿ ನೀರಿತ್ತು. ಬಣ್ಣ, ಕ್ರೋಮಿಯಂ, ಗಾಜು ಎಲ್ಲ ನಿನ್ನೆ ಕಾರ್ಖಾನೆಯಿಂದ ಬಂದ ಹಾಗೆ ಇರಬೇಕೆಂಬ ಅವರ ಆಸೆಯನ್ನು ನಾನು ಅಲ್ಲಿಯವರೆಗೆ ಶೋಕಿ ಎಂದುಕೊಂಡಿದ್ದೆ. ಅದು ಶೋಕಿ ಅಲ್ಲ, ಭಕ್ತಿ ಎಂದು ಅಂದು ತಿಳಿಯಿತು.

ಅಲ್ಲಿಂದ ಹೊರಟು ದರಿಯಾ ದೌಲತ್‌ಗೂ ಹೋದೆವು. ಟಿಪ್ಪು 1784ರಲ್ಲಿ ಕಟ್ಟಿಸಿದ ಆ ಬೇಸಿಗೆ ಅರಮನೆಯ ಗೋಡೆಯಲ್ಲಿ 1780ರ ಪೊಳ್ಳಿಲೂರು ಕದನದ ಚಿತ್ರವಿದೆ: ಹೈದರ್ ಮತ್ತು ಟಿಪ್ಪು ಗೆದ್ದದ್ದು, ಇಂಗ್ಲಿಷರ ಕರ್ನಲ್ ಬೇಲಿ ಸೋತದ್ದು. ಆದರೆ ನಾವೀಗ ನೋಡುವುದು ಮೊದಲು ಬರೆದ ಚಿತ್ರವಲ್ಲ. 1799ರ ಮುತ್ತಿಗೆಗೆ ಮುನ್ನ ಅದಕ್ಕೆ ಸುಣ್ಣ ಬಳಿಯಲಾಗಿತ್ತು. ಆಮೇಲೆ ಆ ಅರಮನೆಯಲ್ಲಿ ವಾಸವಿದ್ದ ಕರ್ನಲ್ ವೆಲ್ಲೆಸ್ಲಿ ಅದನ್ನು ಸರಿಪಡಿಸಿದ. ಅದು ಮತ್ತೆ ಮಾಸಿದಾಗ, ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯ ಆಜ್ಞೆಯಂತೆ, ಹಳೆಯ ಚಿತ್ರ ನೆನಪಿದ್ದ ಸ್ಥಳೀಯ ಕಲಾವಿದನ ಕೈಯಿಂದ ಇನ್ನೊಮ್ಮೆ ಬರೆಸಲಾಯಿತು. ಸೋತವರ ಕಡೆಯವರೇ ತಮ್ಮ ಸೋಲಿನ ಚಿತ್ರವನ್ನು ರಿಪೇರಿ ಮಾಡಿಸಿದ ಕಥೆ ಇದು. ಇದರಲ್ಲಿ ಮೂಲ ಯಾವುದು? ಟಿಪ್ಪುವಿನ ಕಾಲದ ಗೆರೆಯೋ, ನೆನಪಿನಿಂದ ಬಂದ ಗೆರೆಯೋ? ಆ ಕಲಾವಿದನ ಹೆಸರು ಕೇಳಿ ನೋಡಿ, ಹೇಳುವವರು ಸಿಗುವುದು ಕಷ್ಟ. ಬೇಲಿ, ವೆಲ್ಲೆಸ್ಲಿ, ಡಾಲ್‌ಹೌಸಿ ಮಾತ್ರ ಎಲ್ಲರಿಗೂ ಗೊತ್ತು.

ಹಳೆಯ ಕಾರುಗಳ ಬಗ್ಗೆ ನಾವು ಬರೆಯುವ ರೀತಿಯಲ್ಲಿ ನನಗೆ ಕಾಣುವ ಕೊರತೆಯೂ ಇದೇ. ರ್‍ಯಾಲಿ ನಡೆದ ಮರುದಿನದ ಬರಹಗಳನ್ನು ನೋಡಿ: ಕಾರಿನ ವರ್ಷ, ಕಂಪನಿ, ಮಾಲೀಕ, ಹಿಂದೆ ಯಾವ ಮಹಾರಾಜ ಕೂತಿದ್ದ, ಈಗ ಬೆಲೆ ಎಷ್ಟು. ಅದನ್ನು ಓಡುವಂತೆ ಇಟ್ಟವನ ಮಾತು ಬರುವುದಿಲ್ಲ. ಸಾಹಿತ್ಯವಾದರೂ ಬೇರೆಯಾಗಿದೆಯೇ? ನಾನು ಓದಿದ ಮಟ್ಟಿಗೆ ನಮ್ಮ ಕಥೆ ಕಾದಂಬರಿಗಳಲ್ಲಿ ಕಾರು ಹೆಚ್ಚಾಗಿ ರಸ್ತೆ ಬದಿಯಲ್ಲಿ ನಿಂತವನ ಕಣ್ಣಿಗೆ ಬೀಳುತ್ತದೆ: ಧೂಳೆಬ್ಬಿಸಿಕೊಂಡು ಬರುತ್ತದೆ, ಜಮೀನ್ದಾರನೋ ಅಧಿಕಾರಿಯೋ ಇಳಿಯುತ್ತಾನೆ, ಕೇಡು ಶುರುವಾಗುತ್ತದೆ. ಬಾನೆಟ್ ತೆರೆದು ಒಳಗೆ ಬಗ್ಗಿ ನೋಡುವ ಬರಹ ಕಡಿಮೆ.

ಎರಡು ಅಪವಾದಗಳು ನೆನಪಾಗುತ್ತವೆ. ಎರಡೂ ಒಂದೇ ಮನೆಯವು. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಕಾದಂಬರಿಯಲ್ಲಿ ಪಾದ್ರಿಯ ಬೈಸಿಕಲ್ಲು ಮಲೆನಾಡಿಗೆ ಬಂದಾಗ ಜನ ಅದನ್ನು 'ಬೀಸೆಕಲ್ಲು' ಮಾಡಿಕೊಳ್ಳುತ್ತಾರೆ. ನಗುವಿನ ಪ್ರಸಂಗವೆಂದು ಅದನ್ನು ಓದಿ ಮುಗಿಸುತ್ತೇವೆ. ಆದರೆ ಅಲ್ಲಿ ನಡೆಯುವುದು ಗಂಭೀರವಾದ ಕೆಲಸ: ಪರದೇಶದ ಯಂತ್ರವೊಂದು ತಮ್ಮ ನಾಲಿಗೆಗೆ ಸಿಕ್ಕದೆ ತಮ್ಮದಾಗುವುದಿಲ್ಲವೆಂದು ಆ ಜನಕ್ಕೆ ಗೊತ್ತು. ಇನ್ನೊಂದು ತೇಜಸ್ವಿಯವರ 'ಅಣ್ಣನ ನೆನಪು'. ಅದರಲ್ಲಿ ಕುವೆಂಪು ಅವರ ಸ್ಟುಡಿಬೇಕರ್ ಕಾರು ಬರುತ್ತದೆ. 1852ರಲ್ಲಿ ಕುದುರೆಗಾಡಿ ಮಾಡುವುದರಿಂದ ಶುರುವಾಗಿ, 1966ರಲ್ಲಿ ಕಾರು ತಯಾರಿಕೆಯನ್ನೇ ನಿಲ್ಲಿಸಿದ ಅಮೆರಿಕದ ಕಂಪನಿ ಸ್ಟುಡಿಬೇಕರ್. ರಾಷ್ಟ್ರಕವಿಯ ಕಾರು ಎಂದು ಬೇರೆ ಯಾರಾದರೂ ಬರೆದಿದ್ದರೆ ಅದಕ್ಕೆ ಹಾರ ಹಾಕಿಬಿಡುತ್ತಿದ್ದರು. ತೇಜಸ್ವಿ ಅದನ್ನು ಮನೆಯ ಇತರ ತಾಪತ್ರಯಗಳ ಸಾಲಿನಲ್ಲಿ ನಿಲ್ಲಿಸುತ್ತಾರೆ. ಯಂತ್ರ ಬಿಚ್ಚಿ ನೋಡುವ ಚಪಲ ಇದ್ದವರಿಗೆ ಮಾತ್ರ ಸಾಧ್ಯವಾಗುವ ಸಲಿಗೆ ಅದು. ಕನ್ನಡ ಗದ್ಯಕ್ಕೆ ಆ ಸಲಿಗೆ ಇನ್ನಷ್ಟು ಬೇಕಿತ್ತು.

ಸಲಿಗೆ ಇರುವುದು ಗ್ಯಾರೇಜಿನ ಕನ್ನಡದಲ್ಲಿ. ಅಮೆರಿಕದವರು ತಮ್ಮ ಕಾರಿನ ಹಿಂಭಾಗವನ್ನು 'ಟ್ರಂಕ್' ಅನ್ನುತ್ತಾರೆ, ಮುಂಭಾಗದ ಮುಚ್ಚಳವನ್ನು 'ಹುಡ್' ಅನ್ನುತ್ತಾರೆ. ನಮ್ಮವರು ಅದೇ ಕಾರನ್ನು ಡಿಕ್ಕಿ, ಬಾನೆಟ್ ಎಂದೇ ಕರೆದರು. ಹೆಚ್ಚುವರಿ ಚಕ್ರಕ್ಕೆ 'ಸ್ಟೆಪ್ನಿ' ಎಂದರು. ಸ್ಟೆಪ್ನಿ ಎಂಬುದು ವೇಲ್ಸಿನ ಊರೊಂದರ ಬೀದಿಯ ಹೆಸರು. 1904ರ ಸುಮಾರಿಗೆ ಹೆಚ್ಚುವರಿ ಚಕ್ರ ಮಾಡಿ ಮಾರಿದ ಕಂಪನಿಯಿಂದ ಬಂದದ್ದು. ಇಂಗ್ಲೆಂಡಿನಲ್ಲಿ ಆ ಪದ ಬಳಕೆ ತಪ್ಪಿದೆ, ಪಾಂಡವಪುರದ ಪಂಚರ್ ಅಂಗಡಿಯಲ್ಲಿ ಬದುಕಿದೆ. ಹಳೆಯ ಪಾಠಗಳು ಕೆಲವೊಮ್ಮೆ ರಾಜಧಾನಿಯಲ್ಲಿ ಅಳಿದು ದೂರದ ಹಳ್ಳಿಯ ಓಲೆಗರಿಯಲ್ಲಿ ಉಳಿಯುವ ಹಾಗೆ. ಪಾಂಡವಪುರವೇ ಹಾಗಲ್ಲವೆ? ಹಿರೋಡೆ ಆಗಿದ್ದ ಊರು ಫ್ರೆಂಚ್ ಸೈನಿಕರ ಬಿಡಾರದಿಂದ ಫ್ರೆಂಚ್ ರಾಕ್ಸ್ ಆಯಿತು, ಆಮೇಲೆ ಪಾಂಡವಪುರವಾಯಿತು. ಮೂಲ ಹೆಸರಿಗೇ ಮರಳೋಣ ಎಂದರೆ ಎಷ್ಟು ಹಿಂದಕ್ಕೆ ಹೋಗಬೇಕು?

ಈ ಸೀಮೆಯ ಇನ್ನೊಬ್ಬರು ಇದೇ ಪ್ರಶ್ನೆಯನ್ನು ಎರಡು ಬಗೆಯಲ್ಲಿ ಬಿಡಿಸಿದ್ದರು. ಬಿ.ಎಂ.ಶ್ರೀ. ಹೆಸರಿನ ಮೊದಲ ಅಕ್ಷರ ನಾಗಮಂಗಲ ತಾಲ್ಲೂಕಿನ ಬೆಳ್ಳೂರು; ಹುಡುಗನಾಗಿ ಓದಿದ್ದು ಶ್ರೀರಂಗಪಟ್ಟಣದಲ್ಲಿ. ಅವರು ಗ್ರೀಕ್ ನಾಟಕಗಳನ್ನು ಕನ್ನಡಕ್ಕೆ ತಂದಾಗ ಈಸ್ಕಿಲಸ್‌ನ ಕೃತಿಯನ್ನು 'ಪಾರಸಿಕರು' ಎಂದು ಅದರದೇ ಜನ, ಅದರದೇ ಊರುಗಳೊಂದಿಗೆ ತಂದರು. ಚಾಸಿ, ಬಾಡಿ, ಎಂಜಿನ್ ಎಲ್ಲ ಮೂಲ. ವಿಎ ನಂಬರು ಸಿಗುವ ಅನುವಾದ. ಸೊಫೊಕ್ಲಿಸ್‌ನ 'ಏಜಾಕ್ಸ್' ಅನ್ನು ಮಾತ್ರ ಹಾಗೆ ಬಿಡಲಿಲ್ಲ. ಆ ಎಂಜಿನ್ನನ್ನು ಬಿಚ್ಚಿ ಮಹಾಭಾರತದ ಬಾಡಿಯೊಳಗೆ ಕೂರಿಸಿ 'ಅಶ್ವತ್ಥಾಮನ್' ಮಾಡಿದರು. ಫಲ ಏನಾಯಿತು? ನಮ್ಮಲ್ಲಿ ಚಿರಂಜೀವಿಯಾದ ಅಶ್ವತ್ಥಾಮ ಏಜಾಕ್ಸನ ಹಾಗೆ ತನ್ನನ್ನು ತಾನೇ ಕೊಂದುಕೊಂಡ. ಅದು ಸರಿಯೇ ಎಂಬ ಚರ್ಚೆ ಆಗ ಎದ್ದದ್ದು ಸಹಜ. ಆದರೂ ಇಂದು ನಾವು ಓದಿ ಜಗಳವಾಡುವುದು 'ಅಶ್ವತ್ಥಾಮನ್' ಕುರಿತು. 'ಪಾರಸಿಕರು' ಅಚ್ಚುಕಟ್ಟಾಗಿದೆ, ಅದರ ಬಗ್ಗೆ ಜಗಳವಿಲ್ಲ. ಇದು ನನ್ನ ವಾದಕ್ಕೆ ಸಿಕ್ಕ ದೊಡ್ಡ ಆಧಾರವೆಂದು ಒಂದು ಭಾನುವಾರ ಮಾವನ ಮುಂದೆ ಇಟ್ಟೆ.

ಮಾವ ಕೈಯಲ್ಲಿದ್ದ ಗ್ರೀಸನ್ನು ಬಟ್ಟೆಗೆ ಒರೆಸಿಕೊಂಡು ಕೇಳಿದರು. "ಅಳಿಯ, ಆವಯ್ಯ ಇಷ್ಟಪಟ್ಟು ಬದಲಾಯಿಸ್ದ. ನಮ್ಮಪ್ಪ ಇಷ್ಟಪಟ್ಟು ಡೀಸೆಲ್ ಹಾಕಿಸ್ಲಿಲ್ಲ ಕಣೋ. ಕೈಲಿ ಕಾಸಿರ್ಲಿಲ್ಲ, ಹಾಕಿಸ್ದ. ಇಂಜಿನ್ ಇಳಿಸಿದ ದಿನ ಉಣ್ಣಲಿಲ್ಲ ಅವ್ನು. ನೀನು ಅವ್ನ ಬಡತನಾನೇ ಚೆಂದ ಅಂತ ಕುಂತೀಯಲ್ಲ."

ನನ್ನ ಬಳಿ ಉತ್ತರವಿರಲಿಲ್ಲ. ವಿಮರ್ಶಕರಿಗೆ ಇದೊಂದು ಹಳೆಯ ಚಾಳಿ. ಬೇರೆಯವರ ಅನಿವಾರ್ಯವನ್ನು ನಾವು ಶೈಲಿ ಎಂದು ಓದುತ್ತೇವೆ. ಡ್ರಮ್ಮಿನ ತೇಪೆಯಲ್ಲಿ ಜಾಣ್ಮೆ ಇದೆ, ನಿಜ. ಹೊಸ ತಗಡಿಗೆ ದುಡ್ಡಿಲ್ಲದ್ದೂ ಇದೆ. ಮಾವ ಇನ್ನೊಂದು ಮಾತನ್ನೂ ಹೇಳಿದರು. ಡೀಸೆಲ್ ಎಂಜಿನ್ನಿನ ಭಾರಕ್ಕೆ ಮುಂದಿನ ಸ್ಪ್ರಿಂಗು ಕುಸಿದಿದೆ, ಅದರ ನಡುಕಕ್ಕೆ ಗೇರುಬಾಕ್ಸು ಸವೆದಿದೆ. ಅಶ್ವತ್ಥಾಮ ಸತ್ತ ಹಾಗೆಯೇ, ಬೇರೆ ಎಂಜಿನ್ ಕೂರಿಸಿದ್ದಕ್ಕೆ ಬಾಡಿ ತೆತ್ತ ಬೆಲೆ ಅದು. ನಾನು ಅದನ್ನು ರೂಪಕವೆಂದುಕೊಂಡಿದ್ದೆ. ಅವರು ಅದನ್ನು ಕೈಯಲ್ಲಿ ಮುಟ್ಟಿ ತೋರಿಸಿದರು.

ಕೊನೆಗೆ ನಮ್ಮಿಬ್ಬರ ನಡುವೆ ರಾಜಿ ಮಾಡಿಸಿದ್ದು ಡಿ.ಎಲ್. ನರಸಿಂಹಾಚಾರ್ಯರು. ಅವರ 'ಕನ್ನಡ ಗ್ರಂಥಸಂಪಾದನೆ' ಪುಸ್ತಕವನ್ನು ಎಂ.ಎ. ವಿದ್ಯಾರ್ಥಿಗಳಿಗೆ ಪಾಠ ಮಾಡುವಾಗ ನಾನು ಪದೇ ಪದೇ ಒತ್ತಿ ಹೇಳುವ ಶಿಸ್ತೊಂದಿದೆ. ಹಲವು ಪ್ರತಿಗಳು ಸಿಕ್ಕಾಗ ಸಂಪಾದಕ ಯಾವುದೋ ಒಂದು ಪಾಠವನ್ನು ಆರಿಸಲೇಬೇಕು. ಎಲ್ಲವನ್ನೂ ಒಟ್ಟಿಗೆ ಓದಲಾಗದು. ಆದರೆ ಬಿಟ್ಟ ಪಾಠವನ್ನು ಎಸೆಯುವಂತಿಲ್ಲ, ಅಡಿಟಿಪ್ಪಣಿಯಲ್ಲಿ ಕೊಡಬೇಕು. ನಾಳೆ ಬರುವವನಿಗೆ ನಮ್ಮ ಆಯ್ಕೆ ತಪ್ಪೆಂದು ಕಾಣಬಹುದು. ಅವನ ದಾರಿಯನ್ನು ನಾವು ಮುಚ್ಚಬಾರದು. ಹಳೆಯ ವಾಹನಗಳ ಜಾಗತಿಕ ಒಕ್ಕೂಟ 2012ರಲ್ಲಿ ಒಪ್ಪಿದ ಟ್ಯೂರಿನ್ ಸನ್ನದು ಕೂಡ ಹೆಚ್ಚು ಕಡಿಮೆ ಇದನ್ನೇ ಹೇಳುತ್ತದೆ. ವಾಹನದ ಬದುಕಿನಲ್ಲಿ ಬಿದ್ದ ಗುರುತುಗಳಿಗೂ ಬೆಲೆಯಿದೆ, ಮಾಡಿದ ಕೆಲಸವನ್ನೆಲ್ಲ ದಾಖಲಿಸಬೇಕು ಎಂಬುದು ಅದರ ನಿಲುವು. ನಮ್ಮ ನಿಯಮ 'ಮೂಲ ರೂಪ' ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದನ್ನು ನಮ್ಮ ಗ್ರಂಥಸಂಪಾದಕರು ಎಷ್ಟೋ ಸೂಕ್ಷ್ಮವಾಗಿ ಯೋಚಿಸಿದ್ದರು.

ಪೆಟ್ರೋಲ್ ಎಂಜಿನ್ ಸಿಕ್ಕಿತು. ಕೆ.ಆರ್. ಪೇಟೆಯ ಮೇಷ್ಟ್ರು ಹುಡುಕಿದ್ದು; ಕೆಲವು ವರ್ಷ ತೋಟವೊಂದಕ್ಕೆ ನೀರೆತ್ತಿ, ಆಮೇಲೆ ಕೊಟ್ಟಿಗೆಯಲ್ಲಿ ಹುಲ್ಲಿನ ಕೆಳಗೆ ಮಲಗಿತ್ತು. ಅದೇ ಆರು ಸಿಲಿಂಡರಿನದು, ಅದೇ ಕುಲದ್ದು. ಆದರೆ ಬ್ಲಾಕಿನ ಮೇಲಿನ ನಂಬರು ತಾತನ ಕಾರಿನ ಪುಸ್ತಕದಲ್ಲಿರುವ ನಂಬರಲ್ಲ. ಅಂದರೆ ಅದೂ ಮೂಲವಲ್ಲ, ಅದೇ ಪರಂಪರೆಯ ಇನ್ನೊಂದು ಪ್ರತಿ. ಮಾವ ಇದನ್ನು ಒಪ್ಪಿಕೊಂಡು ನಕ್ಕರು. ಸಿಲಿಂಡರ್ ಬೋರ್ ಮಾಡಿಸಿ, ಹೊಸ ರಿಂಗು ಹಾಕಿಸಿ, ಮೂರು ತಿಂಗಳು ಒದ್ದಾಡಿ ಕೂರಿಸಿದರು. ಮೊದಲ ಸಲ ಸೆಲ್ಫ್ ಹೊಡೆದಾಗ ಕೆಮ್ಮಿತು, ಎರಡನೆಯ ಸಲ ಹಿಡಿಯಿತು. ಡೀಸೆಲ್ಲಿನ ಕಟಕಟ ಕೇಳಿ ಬೆಳೆದ ನಮಗೆ ಆ ಸದ್ದು ಸದ್ದೇ ಅಲ್ಲ ಅನ್ನಿಸಿತು. ಹೊಲಿಗೆ ಯಂತ್ರದ ಹಾಗೆ ಮೆಲ್ಲಗೆ. ಮಾವ ಬಾನೆಟ್ಟಿನ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ನಿಂತರು. ಇಳಿದ ಪರ್ಕಿನ್ಸ್ ಎಂಜಿನ್ನನ್ನು ಗುಜರಿಗೆ ಕೊಡಲಿಲ್ಲ. ಶೆಡ್ಡಿನ ಮೂಲೆಯಲ್ಲಿ ಕಬ್ಬಿಣದ ಸ್ಟ್ಯಾಂಡಿನ ಮೇಲೆ, ಹಳೆಯ ಬ್ರಾಕೆಟ್ಟುಗಳ ಸಮೇತ ಕೂತಿದೆ. ಹಿತ್ತಾಳೆಯ ಹಿಡಿ ಬಾಗಿಲಲ್ಲೇ ಇದೆ. ಅದಕ್ಕೆ ಕ್ರೋಮಿಯಂ ಮಾಡಿಸುವುದಿಲ್ಲವೆಂದು ಮಾವ ತಾವೇ ಹೇಳಿದರು.

ನನ್ನ ಪಾಲಿಗೆ ಬಂದದ್ದು ಒಂದು ಪು‌ಸ್ತಕ. ಕಾರಿನ ಪಾಠಾಂತರಗಳನ್ನೆಲ್ಲ ಬರೆದಿಡುವ ಕೆಲಸ: ಯಾವ ಭಾಗ, ಯಾವಾಗ, ಯಾಕೆ ಬದಲಾಯಿತು, ಯಾರ ಕೈ. ಮೊದಲ ಮೂರು ಕಲಮುಗಳು ಮಾವನ ನೆನಪಿನಿಂದ ಬೇಗ ತುಂಬಿದವು. ನಾಲ್ಕನೆಯದು ತುಂಬುತ್ತಿಲ್ಲ. ಓಲೆಗರಿಯ ಕೊನೆಯಲ್ಲಿ ಲಿಪಿಕಾರ ತನ್ನ ಹೆಸರು, ಊರು, ತಿಥಿ ಬರೆದು ತಪ್ಪಿದ್ದರೆ ತಿದ್ದಿಕೊಳ್ಳಿ ಎಂದು ಕೇಳಿಕೊಳ್ಳುತ್ತಿದ್ದ. ಮೆಕ್ಯಾನಿಕ್ಕು ಹಾಗೆ ಬರೆಯುವುದಿಲ್ಲ. ಡೀಸೆಲ್ ಎಂಜಿನ್ ಕೂರಿಸಿದವನನ್ನು ಎಲ್ಲರೂ 'ಭಾಯಿ' ಎಂದು ಕರೆಯುತ್ತಿದ್ದರು, ಅಷ್ಟೇ ಮಾವನಿಗೆ ಗೊತ್ತು. ಹಿಡಿ ಎರಕ ಹೊಯ್ದವರ ಮನೆ ಹುಡುಕಿಕೊಂಡು ನಾಗಮಂಗಲಕ್ಕೆ ಎರಡು ಸಲ ಹೋಗಿ ಬಂದೆ. ಮುಂದಿನ ಭಾನುವಾರ ಮತ್ತೆ ಹೋಗುವುದಿದೆ. ಈ ಸಲ ಡಾಡ್ಜ್‌ನಲ್ಲೇ ಹೋಗೋಣ ಎಂದಿದ್ದಾರೆ ಮಾವ. ಕಾರು ನೋಡಿ ಯಾರಿಗಾದರೂ ನೆನಪಾದೀತು.